ಗ್ರೆಂಡೈಜರ್: ರೋಬೋಟ್ ಬಿಟ್ಟು ಉಳಿದವರ ಬಗ್ಗೆ

ಕಪ್ಪುಕುಳಿ, ಲಸಿಕೆ, ಮಳೆಗಾಲ ಅಂತೆಲ್ಲ ಮಾತಾಡುವ ನಾವು ಇವತ್ತು ಒಂದು ಕಾರ್ಟೂನ್ ಸರಣಿ ಹಿಡಿದು ಕೂತಿದ್ದೇವೆ. ಕತೆಯ ಕೊನೆಯನ್ನೂ ಹೇಳಿಬಿಡುತ್ತೇವೆ, ಮೊದಲೇ ತಿಳಿಸಿದ್ದೇವೆ, ಆಮೇಲೆ ಬೈಯಬೇಡಿ. ಸರಣಿ ಮುಗಿದು ನಲವತ್ತೆಂಟು ವರ್ಷಕ್ಕೂ ಮೇಲಾಯಿತು.

ಸೌದಿ ಅರೇಬಿಯಾದಲ್ಲಿರುವ ನಮ್ಮ ಕೇಳುಗರಿಗೆ ಗ್ರೆಂಡೈಜರ್ ಹೆಸರು ಹೊಸದಲ್ಲ. 2022ರ ರಿಯಾದ್ ಸೀಸನ್ ಹೊತ್ತಿಗೆ ಅಲ್ಲಿನ ಬುಲೆವಾರ್ಡ್ ವರ್ಲ್ಡ್‌ನಲ್ಲಿ ಚಿನ್ನದ ಬಣ್ಣದ ಕೊಂಬಿರುವ ಒಂದು ದೈತ್ಯ ರೋಬೋಟಿನ ಪ್ರತಿಮೆ ನಿಲ್ಲಿಸಿದರು. ಎತ್ತರ 33.7 ಮೀಟರ್, ಅಂದರೆ ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಹತ್ತಿರ ಹತ್ತಿರ ಎರಡರಷ್ಟು. ಕಾಲ್ಪನಿಕ ಪಾತ್ರವೊಂದರ ಅತಿ ದೊಡ್ಡ ಲೋಹಶಿಲ್ಪ ಅಂತ ಗಿನ್ನೆಸ್ ದಾಖಲೆಯೂ ಆಯಿತು. ಜಪಾನಿನ ರೋಬೋಟಿಗೆ ಸೌದಿಯಲ್ಲಿ ಇಷ್ಟು ಮರ್ಯಾದೆ ಯಾಕೆ ಅಂತ ನಮ್ಮವರು ಕೇಳುವುದು ಸಹಜ. ಅಲ್ಲಿ ನಲವತ್ತು-ಐವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, ಅರಬಿ ಶೀರ್ಷಿಕೆ ಗೀತೆಯನ್ನು ಹಾಡಿಯೇ ತೋರಿಸಿಯಾರು!

ಗೋ ನಾಗಾಯ್ ಕಲ್ಪಿಸಿದ ಈ ಸರಣಿಯನ್ನು ತಯಾರಿಸಿದ್ದು ತೋಯೆ ಸಂಸ್ಥೆ. ಜಪಾನಿನ ಫುಜಿ ಟಿವಿಯಲ್ಲಿ 1975ರ ಅಕ್ಟೋಬರ್ 5ರಿಂದ 1977ರ ಫೆಬ್ರವರಿ 27ರ ತನಕ ಪ್ರಸಾರವಾಯಿತು. ಒಟ್ಟು 74 ಕಂತು. ‘ಮಾಜಿಂಗರ್ ಜೆಡ್’, ‘ಗ್ರೇಟ್ ಮಾಜಿಂಗರ್’ ಆದ ಮೇಲೆ ಅದೇ ಸಾಲಿನ ಮೂರನೆಯದು. ಅರಬಿ ಡಬ್ಬಿಂಗ್ ಆದದ್ದು ಲೆಬನಾನಿನಲ್ಲಿ, ಅದೂ ಅಂತರ್ಯುದ್ಧ ನಡೀತಿದ್ದಾಗ. ನಾಯಕನಿಗೆ ದನಿ ಕೊಟ್ಟವರು ಜಿಹಾದ್ ಅಲ್ ಅತ್ರಶ್, ಹಾಡಿದವರು ಸಾಮಿ ಕ್ಲಾರ್ಕ್. ಭಾಷೆ ಮನೆಮಾತಿನ ಅರಬಿ ಅಲ್ಲ, ಫುಸ್‌ಹಾ, ನಮ್ಮ ಲೆಕ್ಕದಲ್ಲಿ ಗ್ರಾಂಥಿಕ. ಹಾಗಾಗಿ ಬೈರೂತಿನ ಮಗುವಿಗೂ ಜಿದ್ದಾದ ಮಗುವಿಗೂ ಅದೇ ಕ್ಯಾಸೆಟ್ ನಡೆಯಿತು. ದೂರದರ್ಶನದ ‘ಜಂಗಲ್ ಬುಕ್’ ಜಪಾನಿನದ್ದು ಅಂತ ತಿಳಿಯದೆಯೇ ನಮ್ಮಲ್ಲಿ ಎಷ್ಟೋ ಜನ ಬೆಳೆದರಲ್ಲ, ಅದೇ ಥರ.

ಪ್ರತಿಮೆ ರೋಬೋಟಿನದು. ಆದರೆ ನಮ್ಮ ಅಭಿಪ್ರಾಯ ಕೇಳಿದರೆ, ಇಡೀ ಸರಣಿಯಲ್ಲಿ ಅತಿ ಕಡಿಮೆ ಆಸಕ್ತಿ ಹುಟ್ಟಿಸುವುದು ಆ ರೋಬೋಟೇ. ಒಂದು ಲೆಕ್ಕ ಮಾತ್ರ ಮಜವಾಗಿದೆ, ಹೇಳಿ ಮುಗಿಸುತ್ತೇವೆ. ಗ್ರೆಂಡೈಜರ್ ಎತ್ತರ 30 ಮೀಟರ್, ತೂಕ 280 ಟನ್ ಅಂತ ಸರಣಿಯ ವಿವರ. 1.7 ಮೀಟರ್ ಎತ್ತರದ, 70 ಕಿಲೋ ತೂಕದ ಮನುಷ್ಯನನ್ನು ಅದೇ ಅಳತೆಗೆ ಹಿಗ್ಗಿಸಿ. ಎತ್ತರ ಸುಮಾರು 17.6 ಪಟ್ಟು ಆದರೆ ತೂಕ ಅದರ ಘನದಷ್ಟು ಆಗುತ್ತದೆ, ಸುಮಾರು 5,500 ಪಟ್ಟು. ಬರುವ ಉತ್ತರ 385 ಟನ್. ರಕ್ತಮಾಂಸದ ಮನುಷ್ಯನೇ 385 ಟನ್ ತೂಗುವಾಗ ಲೋಹದ ಗ್ರೆಂಡೈಜರ್ ಬರೀ 280! ಕೆಂಪು ಸಮುದ್ರಕ್ಕೆ ಬಿಟ್ಟರೆ ತೇಲುತ್ತಾನೆ. ಒಳಗೆಲ್ಲ ಟೊಳ್ಳು ಅಂತಲೇ ಅರ್ಥ. ಆ ಟೊಳ್ಳಿನಲ್ಲಿ ಕೂತವನ ಕಡೆಗೆ ಈಗ ಬರೋಣ.

ಅವನು ಡ್ಯೂಕ್ ಫ್ಲೀಡ್, ಫ್ಲೀಡ್ ಗ್ರಹದ ರಾಜಕುಮಾರ. ವೇಗಾ ಸೈನ್ಯ ಅವನ ಗ್ರಹವನ್ನು ವೇಗಾಟ್ರಾನ್ ಅನ್ನುವ ವಿಕಿರಣದಿಂದ ಹಾಳುಗೆಡವಿದೆ. ಗ್ರೆಂಡೈಜರನ್ನು ಹತ್ತಿಕೊಂಡು ತಪ್ಪಿಸಿಕೊಂಡ ಅವನು ಭೂಮಿಗೆ ಬಂದು ಬಿದ್ದಿದ್ದಾನೆ. ಡಾಕ್ಟರ್ ಉಮೊನ್ ಅನ್ನುವ ವಿಜ್ಞಾನಿ ಅವನಿಗೆ ದೈಸುಕೆ ಅಂತ ಹೆಸರಿಟ್ಟು ಮಗನ ಹಾಗೆ ಸಾಕಿಕೊಂಡಿದ್ದಾರೆ. ಕುದುರೆ, ದನ ಇರುವ ಫಾರ್ಮಿನಲ್ಲಿ ಅವನದು ಕೂಲಿ ಕೆಲಸ. ಸೂಪರ್ ರೋಬೋಟ್ ನಾಯಕರೆಲ್ಲ ಜಗಳಕ್ಕೆ ಕಾಯುವವರು. ಇವನು ತಪ್ಪಿಸಿಕೊಳ್ಳಲು ನೋಡುವವನು, ಯುದ್ಧ ಬಂದಾಗಲೆಲ್ಲ ಮೊದಲು ಮುಖ ಸಪ್ಪಗಾಗುತ್ತದೆ. ಬಾಂಬಿನ ಸದ್ದಿನ ನಡುವೆ ಇದನ್ನು ನೋಡಿದ ಲೆಬನಾನಿನ ಮಕ್ಕಳಿಗೆ, ಊರು ಕಳಕೊಂಡ ಪ್ಯಾಲೆಸ್ಟೀನಿನ ಮಕ್ಕಳಿಗೆ ಅವನು ಯಾಕೆ ಹಿಡಿಸಿದ ಅಂತ ಬಿಡಿಸಿ ಹೇಳಬೇಕಿಲ್ಲ. ಜುಬೈಲ್, ದಮ್ಮಾಮಿನ ನಮ್ಮ ಕರಾವಳಿ ಹುಡುಗರೂ ದೈಸುಕೆಯಲ್ಲಿ ತಮ್ಮನ್ನು ಕಂಡುಕೊಳ್ಳಬಹುದು. ವ್ಯತ್ಯಾಸ ಇಷ್ಟೇ, ಇಕಾಮಾ ಇರುವವನಿಗೆ ಎರಡು ವರ್ಷಕ್ಕೊಮ್ಮೆಯಾದರೂ ಮಂಗಳೂರಿನ ವಿಮಾನ ಇದೆ. ದೈಸುಕೆಗೆ ವಾಪಸು ಹೋಗಲು ಊರೇ ಉಳಿದಿಲ್ಲ.

ಅವನ ಬಲಗೈಯಲ್ಲಿ ವೇಗಾಟ್ರಾನಿನ ಗಾಯವಿದೆ. ವಿಜ್ಞಾನದ ಕಾರ್ಯಕ್ರಮದವರಾಗಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಗಾಯ. ಹೊರಗೆ ಮಾಗಿದಂತೆ ಕಾಣುತ್ತದೆ, ಒಳಗೆ ಮಾಗಿಲ್ಲ. ವೇಗಾಟ್ರಾನ್ ಹತ್ತಿರ ಬಂದರೆ ನೋವು ಕೆರಳುತ್ತದೆ, ಒಂದು ದಿನ ಇದೇ ಅವನನ್ನು ಕೊಲ್ಲಬಹುದು. ನಿಜ ಜೀವನದಲ್ಲಿ ವಿಕಿರಣವನ್ನು ಗ್ರಹಿಸುವ ಇಂದ್ರಿಯ ನಮಗಿಲ್ಲ. ಹಳೇ ಗಾಯ ಗೈಗರ್ ಕೌಂಟರಿನ ಹಾಗೆ ಎಚ್ಚರಿಕೆ ಕೊಡುವುದಿಲ್ಲ. ಆದರೆ ‘ತಡವಾಗಿ ಬರುವ ಸಾವು’ ಅನ್ನುವ ಭಾಗ ಅಪ್ಪಟ ಸತ್ಯ. ವಿಕಿರಣ ಜೀವಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ, ಕೋಶ ಅದನ್ನು ಹೇಗೋ ಹೊಲಿದುಕೊಳ್ಳುತ್ತದೆ. ಹೊಲಿಗೆ ತಪ್ಪಾದ ಕೋಶ ಬದುಕಿ ಉಳಿದರೆ ವರ್ಷಗಳ ನಂತರ ಕ್ಯಾನ್ಸರಾಗಿ ಏಳಬಹುದು. ಹಿರೋಶಿಮಾದ ಸದಾಕೊ ಸಸಾಕಿಗೆ ಬಾಂಬ್ ಬಿದ್ದಾಗ ಎರಡು ವರ್ಷ. ರಕ್ತದ ಕ್ಯಾನ್ಸರಿನಿಂದ ತೀರಿಕೊಂಡದ್ದು 1955ರಲ್ಲಿ. 1954ರಲ್ಲಿ ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ 23 ಜನರಿದ್ದ ಜಪಾನಿ ಮೀನುಗಾರಿಕಾ ದೋಣಿಯ ಮೇಲೆ ಸುರಿಯಿತು, ಒಬ್ಬರು ಆ ವರ್ಷವೇ ಹೋದರು. 1975ರಲ್ಲಿ ಟಿವಿ ಮುಂದೆ ಕೂತ ಜಪಾನಿನ ತಂದೆತಾಯಿಗೆ ಡ್ಯೂಕಿನ ಕೈ ಏನು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ.

ಡ್ಯೂಕ್ ನಿಜವಾಗಿ ಕುಸಿಯುವುದು ನಾಯ್ದಾ ಬರುವ ಕಂತಿನಲ್ಲಿ. ಫ್ಲೀಡ್ ಗ್ರಹದಲ್ಲಿ ಅವನಿಗೆ ಪ್ರಿಯಳಾಗಿದ್ದವಳು. ವೇಗಾದವರು ಅವಳ ಮನಸ್ಸನ್ನು ಹಿಡಿತಕ್ಕೆ ತಗೊಂಡು ಕಳಿಸಿದ್ದಾರೆ. ನಮ್ಮನ್ನೆಲ್ಲ ಸಾಯಲು ಬಿಟ್ಟು ನೀನು ಓಡಿ ಬಂದೆ ಅನ್ನುವುದು ಅವಳ ಆರೋಪ. ಆರೋಪ ಶತ್ರು ತುಂಬಿದ್ದು ಹೌದು, ಆದರೆ ಡ್ಯೂಕಿನ ಬಳಿ ಅದಕ್ಕೆ ಉತ್ತರ ಇಲ್ಲ. ನಾಯಕ ಹೋರಾಡಲಾರದೆ ಕೂತುಬಿಡುತ್ತಾನೆ. ಕೊನೆಗೆ ಅವಳೇ ಪ್ರಾಣ ಕೊಟ್ಟು ಅವನನ್ನು ಉಳಿಸುತ್ತಾಳೆ. ಮಕ್ಕಳ ಕಾರ್ಯಕ್ರಮದಲ್ಲಿ ಬದುಕಿ ಉಳಿದವನ ಅಪರಾಧಭಾವವನ್ನು ಇಷ್ಟು ನೇರವಾಗಿ ತೋರಿಸಿದ್ದಕ್ಕೆ ನಮ್ಮ ಪೂರ್ತಿ ಅಂಕ.

ಕೋಜಿ ಕಬುತೊ ವಿಷಯದಲ್ಲಿ ನಮಗೆ ಸ್ವಲ್ಪ ಕೋಪವಿದೆ. ‘ಮಾಜಿಂಗರ್ ಜೆಡ್’ನ 92 ಕಂತುಗಳಲ್ಲಿ ಹೀರೋ ಆಗಿದ್ದವನು ಇಲ್ಲಿ ತಾನೇ ಕಟ್ಟಿದ ಪುಟ್ಟ ತಟ್ಟೆ ವಿಮಾನದಲ್ಲಿ ಹಾರಿ ಹೊಡೆತ ತಿನ್ನುವ ಜೊತೆಗಾರ. ಆದರೂ ಮೊದಲ ಕಂತುಗಳಲ್ಲಿ ದೈಸುಕೆಯನ್ನು ಕಂಡರೆ ಅವನಿಗಾಗುವ ಅಸಹನೆ ಚೆನ್ನಾಗಿದೆ. ಭೂಮಿಯ ಮನುಷ್ಯನ ಸ್ವಾಭಿಮಾನ ಅದು. ಹಿಕಾರು ಪಾತ್ರಕ್ಕೆ ಇನ್ನೂ ದೊಡ್ಡ ಅನ್ಯಾಯ: ಅರ್ಧ ಸರಣಿ ಬೇಲಿ ಪಕ್ಕ ನಿಂತು ಚಿಂತೆ ಮಾಡುವುದೇ ಕೆಲಸ. ಸತ್ಯ ಗೊತ್ತಾಗಿ, ತಾನೂ ಪೈಲಟ್ ಆದ ಮೇಲೆ ಅವಳಿಗೆ ಜೀವ ಬರುತ್ತದೆ. ಆ ಸೀಟು ಇಪ್ಪತ್ತು ಕಂತು ಮೊದಲೇ ಕೊಡಬೇಕಿತ್ತು. ಡ್ಯೂಕಿನ ತಂಗಿ ಮರಿಯಾ ತಡವಾಗಿ ಬಂದರೂ ಬಂದ ದಿನದಿಂದಲೇ ಜೋರು, ಅವಳಿಗೆ ನಮ್ಮ ತಕರಾರಿಲ್ಲ.

ಹಿಕಾರುವಿನ ಅಪ್ಪ, ಫಾರ್ಮಿನ ಯಜಮಾನ ದಾನ್‌ಬೆಯನ್ನು ಹಾಸ್ಯಕ್ಕೆ ಅಂತ ಇಟ್ಟಿದ್ದಾರೆ. ಅಟ್ಟಣೆ ಹತ್ತಿ ಆಕಾಶ ನೋಡುತ್ತ ಅನ್ಯಗ್ರಹದವರು ಬರಲಿ ಅಂತ ಕಾಯುವ ಮುದುಕ ಅವನು. ಅನ್ಯಗ್ರಹದವನು ಕೆಳಗೆ ಅವನದೇ ಕೊಟ್ಟಿಗೆಯಲ್ಲಿ ಹುಲ್ಲು ಎಳೆಯುತ್ತಿದ್ದಾನೆ, ಕೆಲಸ ಸರಿಯಿಲ್ಲ ಅಂತ ಅವನ ಕೈಯಲ್ಲೇ ಬೈಸಿಕೊಳ್ಳುತ್ತಾನೆ. ರೇಡಿಯೋ ದೂರದರ್ಶಕ ಹಿಡಿದು ಜೀವಿಗಳನ್ನು ಹುಡುಕುವವರ ಬಗ್ಗೆ ಇದಕ್ಕಿಂತ ಒಳ್ಳೆ ತಮಾಷೆ ನಮಗೆ ಗೊತ್ತಿಲ್ಲ.

ಶತ್ರು ಪಾಳೆಯಕ್ಕೆ ಹೋಗುವ ಮೊದಲು ‘ವೇಗಾ’ ಬಗ್ಗೆ ಒಂದು ಮಾತು. ಇದು ನಮ್ಮ ಅಭಿಜಿತ್ ನಕ್ಷತ್ರದ ಹೆಸರು. ಅರಬ್ಬರು ಇದನ್ನು ‘ಅನ್ನಸ್ರ್ ಅಲ್ ವಾಕಿ’, ಅಂದರೆ ಎರಗಿ ಬರುವ ಹದ್ದು, ಅಂತ ಕರೆದರು. ಆ ‘ವಾಕಿ’ಯೇ ಲ್ಯಾಟಿನ್ನಿಗೆ ಹೋಗಿ ‘ವೇಗಾ’ ಆಯಿತು. ಅರಬಿ ಪದ ಯುರೋಪು, ಜಪಾನು ಸುತ್ತಿ, ಖಳನಾಯಕನ ವೇಷದಲ್ಲಿ ಅರಬರ ಟಿವಿಗೇ ವಾಪಸು ಬಂದಿದೆ ನೋಡಿ! ನಿಜವಾದ ಅಭಿಜಿತ್ ನಮ್ಮಿಂದ 25 ಜ್ಯೋತಿರ್ವರ್ಷ ದೂರ, ವಯಸ್ಸು ಸುಮಾರು 45 ಕೋಟಿ ವರ್ಷ. ಭೂಮಿಯ ವಯಸ್ಸಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ನಾಗರಿಕತೆ ಬೆಳೆದು ಸೈನ್ಯ ಕಟ್ಟುವುದು ಕಷ್ಟ. ಹಬಲ್ ಮತ್ತು ಜೇಮ್ಸ್ ವೆಬ್ ದೂರದರ್ಶಕಗಳು ಅದರ ಸುತ್ತಲಿನ ಧೂಳಿನ ತಟ್ಟೆಯನ್ನು ನೋಡಿದ ಫಲಿತಾಂಶ 2024ರಲ್ಲಿ ಬಂತು. ತಟ್ಟೆ ಅಚ್ಚರಿ ಪಡುವಷ್ಟು ನುಣುಪಾಗಿದೆ, ದೊಡ್ಡ ಗ್ರಹಗಳು ಗೀರು ಹಾಕಿದ ಗುರುತು ಕಾಣುತ್ತಿಲ್ಲ.

ಶತ್ರುಗಳಲ್ಲಿ ಎಲ್ಲರಿಗೂ ನೆನಪಿರುವುದು ಗಂಡಾಲ್. ಅವನ ಮುಖ ಬಾಗಿಲಿನ ಹಾಗೆ ತೆರೆದುಕೊಂಡರೆ ಒಳಗೆ ಒಬ್ಬ ಪುಟ್ಟ ಹೆಂಗಸು! ಲೇಡಿ ಗಂಡಾಲ್. ಒಂದೇ ದೇಹ, ಎರಡು ಮನಸ್ಸು, ಮೂರು ಹೊತ್ತೂ ಜಗಳ. ಕೊನೆಗೆ ಇಬ್ಬರ ನಿಷ್ಠೆ ಬೇರೆ ಬೇರೆಯಾಗಿ ಇಬ್ಬರೂ ಸಾಯುತ್ತಾರೆ. ಭಯ ಹುಟ್ಟಿಸುತ್ತಾನೆ, ಹೌದು. ಆದರೆ ನಮ್ಮ ಆಯ್ಕೆ ಬೇರೆ.

ನಮ್ಮ ಆಯ್ಕೆ ವೇಗಾ ರಾಜನ ವಿಜ್ಞಾನ ಮಂತ್ರಿ ಜುರಿಲ್. ಈತನನ್ನು ಡಾಕ್ಟರ್ ಉಮೊನ್ ಪಕ್ಕ ನಿಲ್ಲಿಸಿ ನೋಡಿದರೆ ಸರಣಿಯ ನಡುಗಂಬ ಕಾಣುತ್ತದೆ. ಇಬ್ಬರೂ ವಿಜ್ಞಾನಿಗಳು. ಇಬ್ಬರ ಎದುರೂ ಅದೇ ಗ್ರೆಂಡೈಜರ್ ಇದೆ. ಉಮೊನ್ ಕೈಗೆ ಆಕಾಶದಿಂದ ಒಬ್ಬ ಅನ್ಯಗ್ರಹ ಜೀವಿ ಬಿದ್ದಾಗ, ಯಾವ ಸಂಶೋಧಕನಿಗೂ ಕನಸಿನಲ್ಲೂ ಸಿಗದ ಅವಕಾಶ ಅದು. ಅವರು ಪ್ರಬಂಧ ಬರೆಯಲಿಲ್ಲ, ಸರ್ಕಾರಕ್ಕೆ ಒಪ್ಪಿಸಲಿಲ್ಲ. ಹೆಸರು ಕೊಟ್ಟು, ಊಟ ಹಾಕಿ, ಫಾರ್ಮಿಗೆ ಕೆಲಸಕ್ಕೆ ಕಳಿಸಿದರು. ಯುದ್ಧಕ್ಕೆ ಹೊರಟಾಗಲೆಲ್ಲ ಅವರ ಮುಖದಲ್ಲಿ ಮೊದಲು ಕಾಣುವುದು ಅಪ್ಪನ ಆತಂಕ. ಜುರಿಲ್ ಬಳಿ ಇರುವುದೆಲ್ಲ ಗುರಿ, ಬಲ, ದಾಳಿಯ ಲೆಕ್ಕ. ಕತೆಯ ನಡುವೆ ವೇಗಾ ಗ್ರಹವೇ ವೇಗಾಟ್ರಾನಿನ ಅತಿ ಬಳಕೆಯಿಂದ ಸಿಡಿದು ನಾಶವಾಗುತ್ತದೆ. ಅಂದರೆ ಊರು ಕಳಕೊಂಡವನು ಈಗ ಡ್ಯೂಕ್ ಒಬ್ಬನೇ ಅಲ್ಲ, ಜುರಿಲ್ ಕೂಡ. ಇಬ್ಬರ ಊರನ್ನೂ ತಿಂದದ್ದು ಅದೇ ವಿಕಿರಣ. ಆದರೂ ಜುರಿಲ್ ಮರುದಿನ ಹೊಸ ಯುದ್ಧಯಂತ್ರದ ನಕ್ಷೆ ಹಿಡಿದು ಬರುತ್ತಾನೆ.

ಇಲ್ಲಿ ಕತೆಗಾರರ ಮೇಲೆ ನಮ್ಮ ದೂರು ಇದೆ. ಆ ನಾಶದ ನಂತರ ಜುರಿಲ್‌ಗೆ ಒಂದು ರಾತ್ರಿಯ ಯೋಚನೆ ಕೊಡಬೇಕಿತ್ತು. ನಾನು ಮಾಡಿದ್ದೇನು ಅಂತ ಒಂದು ಗಳಿಗೆ. ವಾರಕ್ಕೊಂದು ಯಂತ್ರ ಒಡೆಯಲೇಬೇಕಾದ ಸರಣಿಯಲ್ಲಿ, ರೋಬೋಟ್ ಬೊಂಬೆಗಳ ಮಾರಾಟದ ಆ ಕಾಲದಲ್ಲಿ, ಅದಕ್ಕೆ ಪುರುಸೊತ್ತು ಸಿಕ್ಕಿಲ್ಲ. ಕೊನೆಯ ಹೊತ್ತಿಗೆ ವೇಗಾ ರಾಜನ ಮಗಳು ರುಬಿನಾ ಫ್ಲೀಡ್ ಗ್ರಹ ಮತ್ತೆ ಹಸಿರಾಗಿದೆ ಅನ್ನುವ ಸುದ್ದಿ ತಂದು, ಡ್ಯೂಕಿಗೆ ಅಡ್ಡ ನಿಂತು ಪ್ರಾಣ ಬಿಡುತ್ತಾಳೆ. ಸುದ್ದಿ ತಂದವಳು ಶತ್ರುವಿನ ಮಗಳು, ಅದನ್ನು ನಂಬಬಹುದಾ ಅನ್ನುವುದು ಡ್ಯೂಕಿನ ಮುಂದಿನ ಪ್ರಶ್ನೆ.

ಗ್ರಹ ಹಸಿರಾಗುವುದು ಸಾಧ್ಯವಾ? ಸಾಧ್ಯ. ವಿಕಿರಣ ಪದಾರ್ಥಗಳು ತಮ್ಮಷ್ಟಕ್ಕೆ ಕರಗುತ್ತವೆ: ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾದರೆ, ಸೀಸಿಯಮ್-137 ಅರ್ಧವಾಗಲು 30 ವರ್ಷ ಬೇಕು. ಹಿರೋಶಿಮಾದಲ್ಲಿ ಸುಟ್ಟ ಗಿಂಕ್ಗೊ ಮರಗಳು ಮತ್ತೆ ಚಿಗುರಿದವು. 1986ರಲ್ಲಿ ಜನ ಬಿಟ್ಟು ಹೋದ ಚೆರ್ನೋಬಿಲ್ ಸುತ್ತ ಇವತ್ತು ಕಾಡಿದೆ, ತೋಳಗಳಿವೆ. ಕಾಡು ಬರುವುದು ಬೇರೆ, ಅಲ್ಲಿ ತರಕಾರಿ ಬೆಳೆದು ತಿನ್ನುವುದು ಬೇರೆ. ಡ್ಯೂಕ್ ಮತ್ತು ಮರಿಯಾ 74ನೇ ಕಂತಿನಲ್ಲಿ ಗ್ರೆಂಡೈಜರ್ ಹತ್ತಿ ಫ್ಲೀಡಿಗೆ ಹೊರಟಾಗ ನಮಗೆ ಖುಷಿಯ ಜೊತೆ ಈ ಅನುಮಾನವೂ ಉಳಿಯಿತು.

2024ರ ಜುಲೈಯಲ್ಲಿ ‘ಗ್ರೆಂಡೈಜರ್ ಯು’ ಅಂತ ಹೊಸ ಸರಣಿ ಶುರುವಾಯಿತು, 13 ಕಂತು. ರಿಯಾದಿನ ಮಾಂಗಾ ಪ್ರೊಡಕ್ಷನ್ಸ್ ಅದರಲ್ಲಿ ಕೈಜೋಡಿಸಿದೆ. ಒಂದು ಕಾಲದಲ್ಲಿ ಡಬ್ ಮಾಡಿಸಿ ನೋಡುತ್ತಿದ್ದ ಅರಬ್ ಜಗತ್ತು ಈಗ ತಯಾರಿಕೆಯ ಮೇಜಿಗೇ ಬಂದು ಕೂತಿದೆ, ಅದು ಸಣ್ಣ ವಿಷಯ ಅಲ್ಲ. ಚಿತ್ರ ಚೆಂದ, ವೇಗ ಜಾಸ್ತಿ. ಹುಲ್ಲು ಎಳೆಯುತ್ತ ಬೈಸಿಕೊಳ್ಳುವ ರಾಜಕುಮಾರನಿಗೆ ಮಾತ್ರ 13 ಕಂತಿನಲ್ಲಿ ಜಾಗ ಸಾಲುವುದಿಲ್ಲ.

ಹಳೆಯದನ್ನು ನೋಡಬೇಕು ಅನ್ನಿಸಿದವರು 74 ಕಂತು ನೋಡಿ ಸುಸ್ತಾಗುವುದು ಬೇಡ. ಮೊದಲ ಎರಡು, ನಾಯ್ದಾ ಬರುವ ಕಂತು, ಕೊನೆಯ ಮೂರು, ಇಷ್ಟು ಸಾಕು. ಅರಬಿ ಬಲ್ಲವರಾದರೆ ಅರಬಿಯಲ್ಲೇ ನೋಡಿ, ಅತ್ರಶ್ ಅವರ ದನಿಗಾಗಿ. ಜುರಿಲ್ ಬಗ್ಗೆ ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ನಮಗೆ ದನಿ ಸಂದೇಶ ಕಳಿಸಿ, ಮುಂದಿನ ಸಂಚಿಕೆಯ ಶುರುವಿನಲ್ಲಿ ಹಾಕುತ್ತೇವೆ.