ಗೈಡ್‌ಗಿಂತ ಮೊದಲು ಪುಸ್ತಕ: ಪಿಯುಸಿ ಗಣಿತಕ್ಕೆ ಏನು ಕೊಳ್ಳಬೇಕು?

ಎಸೆಸೆಲ್ಸಿ ಫಲಿತಾಂಶ ಬಂದು, ಕಾಲೇಜಿನಲ್ಲಿ ಸೀಟೂ ಆಯಿತು ಎನ್ನುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ‘ಉಸ್ತಾದರೇ, ಮೋಳಿಗೆ ಸೈನ್ಸ್ ಸಿಕ್ಕಿದೆ. ಮ್ಯಾತ್ಸ್‌ಗೆ ಯಾವ ಬುಕ್ ತೆಗೆಯೋದು? ಅಂಗಡಿಯವರು ಮೂರು ತೋರಿಸ್ತಾರೆ, ಟ್ಯೂಷನ್‌ನವರು ಬೇರೆಯೇ ಒಂದು ಹೇಳ್ತಾರೆ. ಅವಳ ಬಾಪ ದಮ್ಮಾಮಿನಿಂದ ಫೋನ್ ಮಾಡಿ, ದುಡ್ಡು ನೋಡಬೇಡಿ, ಇದ್ದದ್ದರಲ್ಲಿ ದೊಡ್ಡದನ್ನೇ ತಕ್ಕೊಳ್ಳಿ ಅಂತಾರೆ.’ ಮದ್ರಸದ ಗೇಟಿನ ಬಳಿ ನಿಂತು ಉಮ್ಮಂದಿರು ಹೀಗೆ ಕೇಳುವುದು ಈಗ ವರ್ಷಂಪ್ರತಿ ನಡೆಯುವ ಸಂಗತಿ. ಗಣಿತ ಲೆಕ್ಚರರುಗಳನ್ನು ಬಿಟ್ಟು ನಮ್ಮನ್ನು ಯಾಕೆ ಕೇಳುತ್ತಾರೆ ಎಂದರೆ, ಮಕ್ಕಳು ಅಲಿಫ್ ಬಾ ಕಲಿಯುವಾಗಿನಿಂದ ಅವರನ್ನು ನೋಡಿದವರು ನಾವು. ಯಾವ ಮಗು ಯಾವ ಪುಸ್ತಕವನ್ನು ತೆರೆಯುತ್ತದೆ, ಯಾವುದನ್ನು ತೆರೆಯುವುದೇ ಇಲ್ಲ ಎಂಬುದು ನಮಗೆ ಸ್ವಲ್ಪಮಟ್ಟಿಗೆ ಗೊತ್ತಿರುತ್ತದೆ.

ಪ್ರಶ್ನೆ ಸಣ್ಣದಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸೈನ್ಸ್ ಓದುವ ಮೊದಲ ಮಗು ಇದೇ. ಬಾಪ ಎಸೆಸೆಲ್ಸಿಗೇ ಓದು ನಿಲ್ಲಿಸಿ ಗಲ್ಫ್ ಹತ್ತಿದವರು, ಉಮ್ಮ ಏಳನೆಯದಕ್ಕೆ ಶಾಲೆ ಬಿಟ್ಟವರು. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಆ ಹುಡುಗ ಹುಡುಗಿಯರಿಗೆ ಪುಸ್ತಕವೇ ಮನೆಯ ಮೇಷ್ಟ್ರು. ಆ ಮೇಷ್ಟ್ರು ಅರ್ಥವಾಗುವಂತೆ ಮಾತಾಡದಿದ್ದರೆ ಮೊದಲ ಮೂರು ತಿಂಗಳಲ್ಲೇ ಮಗು ಕುಸಿಯುತ್ತದೆ. ಆಮೇಲೆ ‘ನಂಗೆ ಮ್ಯಾತ್ಸ್ ತಲೆಗೆ ಹೋಗೋದಿಲ್ಲ’ ಎಂಬ ಮಾತು ಬಂದು, ಮನೆಯವರೂ ಅದನ್ನು ನಂಬಿಬಿಡುತ್ತಾರೆ.

ಮೊದಲು ತಿಳಿಯಬೇಕಾದದ್ದು, ಪಿಯು ಸೈನ್ಸ್ ಗಣಿತಕ್ಕೆ ನಿಗದಿಯಾದ ಪುಸ್ತಕ ಒಂದೇ. ಅದು ಎನ್‌ಸಿಇಆರ್‌ಟಿಯದ್ದು. ನಮ್ಮ ರಾಜ್ಯ 2012-13ರಲ್ಲಿ ಪ್ರಥಮ ಪಿಯುಗೆ, ಮರುವರ್ಷ ದ್ವಿತೀಯ ಪಿಯುಗೆ ಇದನ್ನು ತಂದುಕೊಂಡಿತು. ಮೊದಲ ವರ್ಷಕ್ಕೆ ಒಂದು ಪುಸ್ತಕ, ಎರಡನೇ ವರ್ಷಕ್ಕೆ ಎರಡು ಭಾಗ. ದಪ್ಪ ಗೈಡ್ ಒಂದರ ದುಡ್ಡಿನಲ್ಲಿ ಹೆಚ್ಚಾಗಿ ಈ ಮೂರೂ ಬಂದುಬಿಡುತ್ತವೆ. ಅಷ್ಟೂ ಕಷ್ಟವಾದರೆ ಎನ್‌ಸಿಇಆರ್‌ಟಿಯ ವೆಬ್‌ಸೈಟಿನಲ್ಲಿ ಪೂರ್ತಿ ಪುಸ್ತಕ ಉಚಿತವಾಗಿ ಸಿಗುತ್ತದೆ, ಬೇಕಾದ ಪಾಠವನ್ನಷ್ಟೇ ಪ್ರಿಂಟ್ ತೆಗೆಸಬಹುದು. ಮೊಬೈಲಿನಲ್ಲೇ ಓದಿಕೊಳ್ಳಲಿ ಎಂದು ಮಾತ್ರ ಬಿಡಬೇಡಿ. ಗಣಿತ ಓದುವುದು ಪೆನ್ಸಿಲ್ ಹಿಡಿದುಕೊಂಡು.

ಇಷ್ಟು ಹೇಳಿದರೆ ಕೆಲವರಿಗೆ ಸಮಾಧಾನವಾಗುವುದಿಲ್ಲ. ‘ಅದು ತೆಳ್ಳಗಿದೆ, ಅದರಲ್ಲಿ ಏನೂ ಇಲ್ಲ’ ಎಂಬ ಮಾತು ಮಕ್ಕಳ ಬಾಯಲ್ಲೇ ಬರುತ್ತದೆ. ಇಲ್ಲಿ ನಮ್ಮ ದರ್ಸಿನ ಕ್ರಮವನ್ನು ನೆನಪಿಸಿಕೊಂಡರೆ ವಿಷಯ ಬೇಗ ಅರ್ಥವಾದೀತು. ಕಿತಾಬ್ ಓದುವಾಗ ಮೊದಲು ಮತ್ನ್, ಆಮೇಲೆ ಶರ್ಹ್. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಖುರ್ರತುಲ್ ಐನ್ ಎಂಬ ಚಿಕ್ಕ ಕಿತಾಬ್ ಬರೆದು, ಅದಕ್ಕೆ ತಾವೇ ಫತ್‌ಹುಲ್ ಮುಈನ್ ಎಂಬ ವಿವರಣೆಯನ್ನೂ ಬರೆದರು. ಅದಕ್ಕೆ ಮತ್ತೆ ಇಆನತುತ್ತಾಲಿಬೀನ್ ಎಂಬ ದೊಡ್ಡ ವಿವರಣೆ ಬಂತು. ದರ್ಸಿಗೆ ಹೊಸದಾಗಿ ಸೇರಿದ ಮುತಅಲ್ಲಿಮನ ಕೈಗೆ ಯಾವ ಉಸ್ತಾದರೂ ನೇರವಾಗಿ ಇಆನತ್ ಕೊಡುವುದಿಲ್ಲ. ಎನ್‌ಸಿಇಆರ್‌ಟಿ ಮತ್ನ್. ಆರ್.ಡಿ. ಶರ್ಮಾರಂಥವರ ಇಟ್ಟಿಗೆ ಗಾತ್ರದ ಪುಸ್ತಕಗಳು ಶರ್ಹ್. ಅವು ಕೆಟ್ಟ ಪುಸ್ತಕಗಳಲ್ಲ. ಲೆಕ್ಕಗಳು ರಾಶಿ ರಾಶಿ ಇವೆ, ಒಂದೇ ಬಗೆಯದ್ದನ್ನು ಹತ್ತು ಸಲ ಮಾಡಿ ಕೈ ಪಳಗಿಸಲು ಒಳ್ಳೆಯದು. ಆದರೆ ಪಾಠವನ್ನೇ ಓದದ ಮಗುವಿನ ಮುಂದೆ ಅದನ್ನಿಟ್ಟರೆ, ನಾಲ್ಕನೇ ಲೆಕ್ಕಕ್ಕೆ ಸಿಕ್ಕಿಬಿದ್ದು ಪುಸ್ತಕ ಮುಚ್ಚುತ್ತದೆ. ಎಷ್ಟೋ ಮನೆಗಳ ಶೋಕೇಸಿನಲ್ಲಿ ಅವು ಇನ್ನೂ ಹೊಸ ವಾಸನೆ ಹೊಡೆಯುತ್ತಿವೆ.

ತೆಳ್ಳಗಿನ ಆ ಪುಸ್ತಕದಲ್ಲಿ ಮಕ್ಕಳು ನೋಡದೆ ಬಿಡುವ ಭಾಗಗಳೇ ಹೆಚ್ಚು. ಪಾಠದ ನಡುವೆ ಬಿಡಿಸಿ ತೋರಿಸಿದ ಉದಾಹರಣೆಗಳಿವೆ. ಉತ್ತರವನ್ನು ಕೈಯಿಂದ ಮುಚ್ಚಿ ಅವನ್ನೇ ಮೊದಲು ಮಾಡಬೇಕು. ಬಹುತೇಕ ಪಾಠಗಳ ಕೊನೆಗೆ ‘ಮಿಸಲೇನಿಯಸ್ ಎಕ್ಸರ್‌ಸೈಜ್’ ಇದೆ, ಅಲ್ಲೇ ನಿಜವಾದ ಕಸರತ್ತು. ಪುಸ್ತಕದ ಹಿಂದೆ ಉತ್ತರಗಳಿವೆ. ಇಷ್ಟೂ ಮುಗಿದ ಮೇಲೂ ಮಗು ಇನ್ನೂ ಬೇಕು ಎಂದರೆ, ಅದೇ ಸಂಸ್ಥೆ ‘ಎಕ್ಸೆಂಪ್ಲರ್ ಪ್ರಾಬ್ಲಮ್ಸ್’ ಎಂಬ ಇನ್ನೊಂದು ಪುಸ್ತಕ ತಂದಿದೆ, ಅದೂ ವೆಬ್‌ಸೈಟಿನಲ್ಲಿ ಉಚಿತ. ಕಾಸು ಕೊಟ್ಟು ಗೈಡ್ ಕೊಳ್ಳುವ ಮಾತು ಅದಾದ ನಂತರದ್ದು.

ಗೈಡ್ ಕೊಳ್ಳಲೇಬೇಕು ಎಂದಾದರೆ ಅದನ್ನು ಪರೀಕ್ಷಿಸುವ ಒಂದು ದಾರಿಯಿದೆ, ಇದಕ್ಕೆ ಗಣಿತ ಪಂಡಿತರಾಗಬೇಕಿಲ್ಲ. ಬಗ್ದಾದಿನಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಸುಮಾರು 820ರ ಹೊತ್ತಿಗೆ ಬರೆದ ಕಿತಾಬಿನ ಹೆಸರಿನಲ್ಲಿದ್ದ ‘ಅಲ್ ಜಬ್ರ್’ ಎಂಬ ಪದವೇ ಇವತ್ತಿನ ಆಲ್ಜೀಬ್ರಾ. ಅವರು ಅದನ್ನು ಬರೆದದ್ದು ಜನರ ಉಪಯೋಗಕ್ಕೆ: ವ್ಯಾಪಾರ, ಜಮೀನಿನ ಅಳತೆ, ಆಸ್ತಿ ಪಾಲು. ಪಾಲಿನ ಲೆಕ್ಕಕ್ಕೆಂದೇ ಅದರಲ್ಲಿ ದೊಡ್ಡ ಭಾಗವಿದೆ. ಅದರಲ್ಲಿ ಬರುವ ಒಂದು ಲೆಕ್ಕ ಹೀಗಿದೆ: ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ 10 ಪಟ್ಟು ಸೇರಿಸಿದರೆ 39 ಆಗುತ್ತದೆ, ಆ ಸಂಖ್ಯೆ ಯಾವುದು? ಹತ್ತರ ಅರ್ಧ 5. ಐದರ ವರ್ಗ 25. ಅದನ್ನು 39ಕ್ಕೆ ಕೂಡಿಸಿದರೆ 64. ಅದರ ವರ್ಗಮೂಲ 8. ಅದರಿಂದ 5 ಕಳೆದರೆ 3. ಉತ್ತರ 3. ಇಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಗೈಡ್ ಆಗುತ್ತಿತ್ತು. ಅವರು ಚಿತ್ರ ಬರೆದು ಕಾರಣ ತೋರಿಸಿದರು. ಒಂದು ಚೌಕದ ಎರಡು ಬದಿಗೆ 5 ಅಗಲದ ಎರಡು ಪಟ್ಟಿ ಅಂಟಿಸಿದರೆ ಮೂಲೆಯೊಂದು ಖಾಲಿ ಉಳಿಯುತ್ತದೆ. ಐದು ಐದಲಿ ಇಪ್ಪತ್ತೈದರ ಆ ಮೂಲೆಯನ್ನು ತುಂಬಿದಾಗಲೇ ದೊಡ್ಡ ಚೌಕ ಪೂರ್ತಿಯಾಗುವುದು. 25 ಎಲ್ಲಿಂದ ಬಂತು ಎಂದು ಹತ್ತನೇ ಕ್ಲಾಸಿನ ಮಗುವಿಗೂ ಕಾಣುತ್ತದೆ.

ಅಂಗಡಿಯಲ್ಲಿ ಗೈಡ್ ಕೈಗೆ ತೆಗೆದುಕೊಂಡಾಗ ವರ್ಗ ಸಮೀಕರಣದ ಪುಟ ತೆರೆಸಿ, ಮಗುವಿಗೇ ಓದಲು ಕೊಡಿ. ಐದು ನಿಮಿಷ ಓದಿದ ಮೇಲೆ ‘ಈ ಸೂತ್ರ ಯಾಕೆ ಹೀಗೆ?’ ಎಂದು ಕೇಳಿ. ಮಗು ತನ್ನ ಮಾತಿನಲ್ಲಿ, ಬ್ಯಾರಿಯಲ್ಲೇ ಆಗಲಿ, ಏನಾದರೂ ಹೇಳಿದರೆ ಆ ಪುಸ್ತಕ ತೆಗೆದುಕೊಳ್ಳಬಹುದು. ‘ಸೂತ್ರ ಇದು, ಹಾಕಿದರೆ ಉತ್ತರ ಬರ್ತದೆ’ ಎಂದಷ್ಟೇ ಹೇಳಿದರೆ ಪುಸ್ತಕ ಮತ್ತೆ ಕಪಾಟಿಗೆ ಹೋಗಲಿ. ಅಂಗಡಿಯವರು ಗೊಣಗಿಯಾರು, ಪರವಾಗಿಲ್ಲ.

ಕನ್ನಡ ಮೀಡಿಯಂನಿಂದ ಹೋದ ಮಕ್ಕಳ ಕಷ್ಟ ಇನ್ನೊಂದು ಬಗೆಯದು. ಅವರಿಗೆ ಲೆಕ್ಕ ಬರುತ್ತದೆ, ಇಂಗ್ಲಿಷ್ ಪದಗಳು ಬರುವುದಿಲ್ಲ. ನಿನ್ನೆಯವರೆಗೆ ‘ಗಣ’ ಎಂದದ್ದು ಇವತ್ತು ‘ಸೆಟ್’, ‘ಸಹಗುಣಕ’ ಎಂದದ್ದು ‘ಕೋಎಫಿಶಿಯೆಂಟ್’, ‘ಸಂಭವನೀಯತೆ’ ಹೋಗಿ ‘ಪ್ರಾಬಬಿಲಿಟಿ’. ಗೊತ್ತಿರುವ ವಿಷಯವೇ ಅಪರಿಚಿತ ಬಟ್ಟೆ ಹಾಕಿಕೊಂಡು ಬಂದು ಹೆದರಿಸುತ್ತದೆ. ಇಂಥ ಮಗುವಿಗೆ ಇನ್ನೊಂದು ಇಂಗ್ಲಿಷ್ ಗೈಡ್ ಕೊಡಿಸಿದರೆ ಹೆದರಿಕೆ ಎರಡು ಪಟ್ಟಾಗುತ್ತದೆ ಅಷ್ಟೆ. ಒಂದು ನೋಟ್ ಪುಸ್ತಕ ತೆಗೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ, ಕೆಳಗೆ ಒಂದು ಸಣ್ಣ ಉದಾಹರಣೆ ಎಂದು ಬರೆಯುತ್ತಾ ಹೋಗಲಿ. ಅದಕ್ಕೆ ಒಂಬತ್ತು ಮತ್ತು ಹತ್ತನೇ ತರಗತಿಯ ಹಳೆ ಪುಸ್ತಕಗಳು ಬೇಕೇ ಬೇಕು. ಪರೀಕ್ಷೆ ಮುಗಿದ ವಾರವೇ ಅವನ್ನು ಗುಜರಿಯವರಿಗೆ ತೂಕಕ್ಕೆ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಜೋರಾಗಿದೆ, ದಯವಿಟ್ಟು ಎರಡು ವರ್ಷ ತಡೆಯಿರಿ. ಪ್ರಥಮ ಪಿಯುವಿನ ಮೂರನೇ ಪಾಠ ತ್ರಿಕೋನಮಿತಿ. ಅಲ್ಲಿ ಎಡವಿದ ಮಗುವಿಗೆ ದಾರಿ ಸಿಗುವುದು ಹತ್ತನೇ ತರಗತಿಯ ತ್ರಿಕೋನಮಿತಿ ಪಾಠದಲ್ಲೇ ಹೊರತು ಸಾವಿರ ರೂಪಾಯಿಯ ಗೈಡಿನಲ್ಲಲ್ಲ.

ಭಿನ್ನರಾಶಿಯೂ ಹಾಗೆಯೇ. ಮದ್ರಸದಲ್ಲಿ ಫರಾಇಳ್ ಹೇಳುವಾಗ ನಾವು ನೋಡುವುದುಂಟು. ಒಬ್ಬರು ತೀರಿಕೊಂಡು ಪತ್ನಿ, ತಾಯಿ, ಒಬ್ಬ ಮಗ ಉಳಿದರೆ ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. ಒಟ್ಟು 24 ಪಾಲು ಮಾಡಿದರೆ 3, 4, ಉಳಿದ 17 ಮಗನಿಗೆ. ಈ 24 ಯಾಕೆ ಎಂದು ಹೇಳಬಲ್ಲ ಹುಡುಗನಿಗೆ ಪಿಯು ಗಣಿತಕ್ಕೆ ಬೇಕಾದ ತಲೆ ಇದೆ. ಅವನ ಮನೆಯವರು ‘ಇವನಿಗೆ ಲೆಕ್ಕ ಆಗ್ಲಿಕ್ಕಿಲ್ಲ’ ಎಂದು ಮೊದಲೇ ತೀರ್ಮಾನಿಸುವುದು ಬೇಡ.

ಕಾಮರ್ಸ್ ತೆಗೆದುಕೊಂಡವರಿಗೆ ಒಂದು ಎಚ್ಚರಿಕೆ. ಅಲ್ಲಿರುವ ‘ಬೇಸಿಕ್ ಮ್ಯಾತ್ಸ್’ ಬೇರೆಯೇ ವಿಷಯ, ಅದಕ್ಕೆ ಪಿಯು ಇಲಾಖೆಯದ್ದೇ ಬೇರೆ ಪುಸ್ತಕ. ಅನುಪಾತ, ಬಿಲ್ ಡಿಸ್ಕೌಂಟಿಂಗ್, ಷೇರು ಇತ್ಯಾದಿ ಅದರಲ್ಲಿ ಬರುತ್ತವೆ. ‘ಪಿಯುಸಿ ಮ್ಯಾತ್ಸ್ ಬುಕ್’ ಎಂದಷ್ಟೇ ವಾಟ್ಸ್ಯಾಪ್‌ನಲ್ಲಿ ಬರೆದು ಕಳಿಸಿದರೆ ಅಂಗಡಿಯಿಂದ ಸೈನ್ಸಿನದ್ದು ಬಂದೀತು. ಮಗು ತೆಗೆದುಕೊಂಡ ಕಾಂಬಿನೇಷನ್ ಯಾವುದೆಂದು ಬರೆದು ಕಳಿಸಿ.

ಮೋಳು ಡಾಕ್ಟರ್ ಆಗಬೇಕೆಂದು ಪಿಸಿಎಂಬಿ ಸೇರಿಸಿದ ಮನೆಗಳಲ್ಲಿ ಗಣಿತ ಮಲಮಗುವಾಗುತ್ತದೆ. ನೀಟ್ ಪರೀಕ್ಷೆಯಲ್ಲಿ ಗಣಿತ ಇಲ್ಲ ಎಂಬುದು ನಿಜ. ಆದರೆ ನೀಟ್‌ನಲ್ಲಿ ಸೀಟು ಸಿಗದ ಹುಡುಗಿಗೆ ಸಿಇಟಿ ಮೂಲಕ ಎಂಜಿನಿಯರಿಂಗ್‌ನ ಬಾಗಿಲು ತೆರೆಯುವುದು ಇದೇ ಗಣಿತ. ಆ ರ‍್ಯಾಂಕಿಗೆ ಅರ್ಧ ಪಾಲು ಸಿಇಟಿ ಅಂಕ, ಇನ್ನರ್ಧ ಪಿಯು ಬೋರ್ಡ್ ಪರೀಕ್ಷೆಯ ಅಂಕ. ಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ, ಎಂದರೆ ಒಂದಕ್ಕೆ ಒಂದೂಕಾಲು ನಿಮಿಷಕ್ಕಿಂತ ತುಸು ಹೆಚ್ಚು. ಆ ವೇಗಕ್ಕೆ ಬೇರೆ ಪ್ರಶ್ನೆ ಸಂಗ್ರಹ ಬೇಕು, ಒಪ್ಪೋಣ. ಆದರೆ ಅದನ್ನು ಕೊಳ್ಳಬೇಕಾದದ್ದು ಎರಡನೇ ವರ್ಷದ ಪಾಠಗಳು ಮುಕ್ಕಾಲು ಮುಗಿದ ಮೇಲೆ. ಪ್ರಥಮ ಪಿಯುವಿನ ಜೂನ್‌ನಲ್ಲಿ ಅಲ್ಲ.

ಸೆಕೆಂಡ್‌ಹ್ಯಾಂಡ್ ಪುಸ್ತಕ ಧಾರಾಳವಾಗಿ ತೆಗೆದುಕೊಳ್ಳಬಹುದು. ಇಕ್ಕನದ್ದೋ ತಾತನದ್ದೋ ಪುಸ್ತಕ ಇದ್ದರೆ ಹೊಸತೇಕೆ? ಒಂದನ್ನು ಮಾತ್ರ ನೋಡಿಕೊಳ್ಳಿ. ಪ್ರಥಮ ಪಿಯು ಪುಸ್ತಕದಲ್ಲಿ ಮೊದಲು 16 ಪಾಠಗಳಿದ್ದವು. ‘ಮ್ಯಾಥಮೆಟಿಕಲ್ ಇಂಡಕ್ಷನ್’ ಮತ್ತು ‘ಮ್ಯಾಥಮೆಟಿಕಲ್ ರೀಸನಿಂಗ್’ ಎಂಬ ಎರಡನ್ನು ತೆಗೆದ ಮೇಲೆ ಈಗ 14. ಇಂಡಕ್ಷನ್ ಹಳೆ ಪುಸ್ತಕದ ನಾಲ್ಕನೇ ಪಾಠವಾಗಿತ್ತು, ಆದ್ದರಿಂದ ಅಲ್ಲಿಂದಾಚೆಗೆ ಪಾಠದ ಸಂಖ್ಯೆಯೂ ಅಭ್ಯಾಸದ ಸಂಖ್ಯೆಯೂ ಬದಲಾಗಿವೆ. ಲೆಕ್ಚರರ್ ‘ಐದನೇ ಪಾಠದ ಎರಡನೇ ಲೆಕ್ಕ’ ಎಂದಾಗ ಹಳೆ ಪುಸ್ತಕದ ಮಗು ಬೇರೆಯೇ ಲೆಕ್ಕ ಮಾಡಿಕೊಂಡು ಹೋದೀತು. ಮೊದಲ ದಿನವೇ ಗೆಳೆಯರ ಹೊಸ ಪುಸ್ತಕ ನೋಡಿ, ಪ್ರತಿ ಪಾಠದ ಮೇಲೆ ಪೆನ್ಸಿಲಿನಲ್ಲಿ ಹೊಸ ಸಂಖ್ಯೆ ಬರೆದುಕೊಂಡರೆ ಸಾಕು. ಎರಡು ಪಾಠ ಹೆಚ್ಚಿಗೆ ಇದ್ದರೆ ನಷ್ಟವೇನೂ ಇಲ್ಲ.

ಇದಕ್ಕೆ ಜಮಾಅತಿನ ಮಟ್ಟದಲ್ಲೇ ಒಂದು ಕಪಾಟು ಇಡಬಹುದು. ದ್ವಿತೀಯ ಪಿಯು ಮುಗಿಸಿದ ಮಕ್ಕಳು ಏಪ್ರಿಲ್ ತಿಂಗಳಲ್ಲಿ ಮೂರು ಪುಸ್ತಕ ತಂದುಕೊಟ್ಟರೆ ಜೂನ್‌ನಲ್ಲಿ ಇನ್ನೊಬ್ಬರ ಮನೆ ಸೇರುತ್ತವೆ. ಕೊಡುವವರು ಒಳಪುಟದಲ್ಲಿ ಯಾವ ವರ್ಷದ ಮುದ್ರಣ ಎಂದು ದೊಡ್ಡದಾಗಿ ಬರೆದುಕೊಡಿ. ಪೆನ್ಸಿಲಿನಲ್ಲಿ ಬಿಡಿಸಿದ ಲೆಕ್ಕಗಳಿದ್ದರೆ ಅಳಿಸಿಕೊಡಿ, ಅಂಚಿನಲ್ಲಿ ಬರೆದ ಕನ್ನಡ ಅರ್ಥಗಳನ್ನು ಮಾತ್ರ ಹಾಗೇ ಬಿಡಿ.