ಕೆ.ಸಿ. ಅಂದರೆ ಬರೀ ಕೊಳವೆ ನೀರಲ್ಲ ಸ್ವಾಮಿ!

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕೆ.ಸಿ.’ ಅಂದು ನೋಡಿ. ಪಕ್ಕದವರು ‘ವ್ಯಾಲಿನಾ?’ ಅಂತಾರೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಹರಿದು ಬರುತ್ತಿದೆಯಲ್ಲ, ಜನರಿಗೆ ಅದೇ ಧ್ಯಾನ. ಆದರೆ ಈ ಜಿಲ್ಲೆಯಲ್ಲಿ ಇನ್ನೊಬ್ಬ ಕೆ.ಸಿ. ಇದ್ದರು. ರಾಜ್ಯದ ಮೊಟ್ಟಮೊದಲ ಮುಖ್ಯಮಂತ್ರಿ. ಅವರ ನಂತರ ಇವತ್ತಿನವರೆಗೆ ಕೋಲಾರದವರು ಯಾರೂ ಆ ಕುರ್ಚಿ ಏರಿಲ್ಲ!

ಪೂರ್ತಿ ಹೆಸರು ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಕೆ.ಜಿ.ಎಫ್. ಕಡೆಯ ಕ್ಯಾಸಂಬಳ್ಳಿಯಲ್ಲಿ 1902ರ ಮೇ 4ರಂದು ಹುಟ್ಟಿದವರು. ಲಾ ಓದಿದರು. ಲಾಯರಿಕೆಯಲ್ಲಿ ನಾಲ್ಕು ಕಾಸು ಮಾಡಿಕೊಂಡು ಹಾಯಾಗಿರಬಹುದಿತ್ತು. ಹಾಗೆ ಮಾಡಲಿಲ್ಲ. 1930ರಲ್ಲಿ ಜೊತೆಗಾರರೊಂದಿಗೆ ಪ್ರಜಾಪಕ್ಷ ಕಟ್ಟಿದರು. ರೈತರ ಕಷ್ಟ ಸರ್ಕಾರದ ಕಿವಿಗೆ ಹಾಕುವುದು, ಜನರಿಗೆ ಜವಾಬು ಕೊಡುವ ಸರ್ಕಾರ ತರುವುದು ಅದರ ಕೆಲಸ. 1937ರಲ್ಲಿ ಅವರೆಲ್ಲ ಕಾಂಗ್ರೆಸ್ಸಿಗೆ ಸೇರಿದರು. ರೆಡ್ಡಿಯವರು ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು.

1947ರ ಆಗಸ್ಟ್ 15ಕ್ಕೆ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು. ಮೈಸೂರಿನಲ್ಲಿ? ಅದೇ ಅರಮನೆ, ಅದೇ ದಿವಾನಗಿರಿ! ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ರೆಡ್ಡಿಯವರು ಜೈಲು ಸೇರಿದರು. ಅವರು ಒಳಗೆ, ಜನ ಬೀದಿಯಲ್ಲಿ. ಕೊನೆಗೆ ಅರಮನೆ ಬಗ್ಗಿತು. ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಅದೇ ತಿಂಗಳ 25ರಂದು ರೆಡ್ಡಿ ಮಂತ್ರಿಮಂಡಲ ಅಧಿಕಾರಕ್ಕೆ ಬಂತು.

ಇಲ್ಲಿ ಕಾಣುತ್ತದೆ ಲಾ ಓದಿದವರ ಬುದ್ಧಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಫೈಲು ಕಂಕುಳಲ್ಲಿಟ್ಟುಕೊಂಡು ಕೋರ್ಟಿಗೆ ಬರುವವರಿಗೆ ಗೊತ್ತು: ಪೂರಾ ಗೆಲ್ಲುತ್ತೇನೆ ಅಂತ ವಾಯಿದೆ ಎಳೆದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ರೆಡ್ಡಿಯವರೂ ರಾಜಿಗೆ ಒಪ್ಪಿದರು. ಮಂತ್ರಿಮಂಡಲದಲ್ಲಿ ಕಾಂಗ್ರೆಸ್ಸಿನ ಹೊರಗಿನವರಿಗೂ ಜಾಗ ಬಿಟ್ಟರು. ದಿವಾನರೂ 1949ರವರೆಗೆ ಇದ್ದರು. ಆದರೆ ಅಸಲು ದಾವಾ, ಅಂದರೆ ಜನರ ಸರ್ಕಾರ, ಕೈಬಿಡಲಿಲ್ಲ. ಬಗ್ಗಿದ್ದು ಎಲ್ಲಿ, ಬಿಗಿದದ್ದು ಎಲ್ಲಿ, ನೋಡಿಕೊಳ್ಳಿ.

1952ರ ಮಾರ್ಚಿನಲ್ಲಿ ಕುರ್ಚಿ ಕೆಂಗಲ್ ಹನುಮಂತಯ್ಯನವರ ಪಾಲಾಯಿತು. ಅವರೂ ವಕೀಲರೇ! ವಿಧಾನಸೌಧ ಅಂದರೆ ಕೆಂಗಲ್ ಅಂತಾರೆ ಎಲ್ಲರೂ. ಸರಿಯೇ, ಆ ಭವ್ಯ ಕಟ್ಟಡ ಎತ್ತಿದವರು ಅವರೇ. ಆದರೆ 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ಯಾರು? ನಮ್ಮ ರೆಡ್ಡಿಯವರು. ಅವರ ಮನಸ್ಸಿನಲ್ಲಿದ್ದದ್ದು ಸಾದಾ ಕಟ್ಟಡ. ಸಾದಾ ಮನುಷ್ಯರನ್ನು ಜನ ಬೇಗ ಮರೆಯುತ್ತಾರೆ.

ಕುರ್ಚಿ ಹೋಯಿತು ಅಂತ ಅವರು ಮನೆಯಲ್ಲಿ ಮುನಿಸಿಕೊಂಡು ಕೂರಲಿಲ್ಲ. ದೆಹಲಿಗೆ ಹೋಗಿ ಕೇಂದ್ರ ಮಂತ್ರಿಯಾದರು. ಉತ್ಪಾದನೆ, ವಸತಿ, ವಾಣಿಜ್ಯ ಮತ್ತು ಕೈಗಾರಿಕೆ ಖಾತೆಗಳನ್ನು ನೋಡಿಕೊಂಡರು. 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರು. 1976ರ ಫೆಬ್ರವರಿ 27ರಂದು ತೀರಿಕೊಂಡರು.

ಮಾಲೂರಿನವರಿಗೆ ಮಾಸ್ತಿ ಗೊತ್ತು, ಮುಳಬಾಗಿಲಿನವರಿಗೆ ಡಿ.ವಿ.ಜಿ. ಗೊತ್ತು. ಮೊದಲ ಮುಖ್ಯಮಂತ್ರಿ ಯಾವ ಊರಿನವರು ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಕ್ಕಳನ್ನು ಒಂದು ಸಲ ಕೇಳಿ. ತಡವರಿಸಿದರೆ ಅವರನ್ನು ಬೈಯಬೇಡಿ. ಹೇಳಿಕೊಡಬೇಕಾದವರು ನಾವು.