ಉತ್ತರನಿಗೆ ಪೂರ್ತಿ ನ್ಯಾಯ ಸಿಕ್ಕಿದೆಯೇ?

ಬಾಯಿಬಡಾಯಿ ಕಂಡಾಗ ನಾವು ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದುಬಿಡುತ್ತೇವೆ. ಒಂದು ಹೆಸರು ಎತ್ತಿದರೆ ಇಡೀ ಕಥೆ ಹಿಂದೆ ಬಂದು ನಿಲ್ಲುತ್ತದೆ. ಉಲ್ಲೇಖದ ಶಕ್ತಿ ಇದೇ. ಕನ್ಯಾನ, ವಿಟ್ಲದಂಥ ಬಂಟ್ವಾಳದ ಗಡಿ ಊರುಗಳಲ್ಲಿ ಈ ಕಥೆಗಳನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಕಿವಿಗೆ ತಲುಪಿಸಿದ್ದು ಯಕ್ಷಗಾನ, ತಾಳಮದ್ದಳೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದೊಡನೆ ಅರ್ಥಧಾರಿ ಆಶುವಾಗಿ ಪಾತ್ರದ ಪರ ವಾದಕ್ಕಿಳಿಯುತ್ತಾನೆ. ಅಲ್ಲಿ ಹೆಸರುಗಳು ಬರೀ ಬೈಗುಳವಾಗಿ ಉಳಿಯುವುದಿಲ್ಲ.

ಕಥೆ ಗೊತ್ತಿಲ್ಲದಿದ್ದರೂ ಗಾದೆ ಅರ್ಥವಾಗುತ್ತದಲ್ಲ ಎಂದು ಕೇಳಬಹುದು. ನಿಜ, ಅರ್ಥವಾಗುತ್ತದೆ, ಆದರೆ ಅರ್ಧ ಮಾತ್ರ. ಮಹಾಭಾರತದ ವಿರಾಟಪರ್ವದಲ್ಲಿ ಅಂತಃಪುರದ ಹೆಂಗಸರೆದುರು ಕೊಚ್ಚಿಕೊಂಡ ಉತ್ತರ, ಕೌರವಸೇನೆ ಕಂಡು ರಥದಿಂದ ಹಾರಿ ಓಡಿದ್ದು ಹೌದು. ಆದರೆ ಅವನೇ ಮತ್ತೆ ಅರ್ಜುನನ ರಥದ ಲಗಾಮು ಹಿಡಿದ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನೊಡನೆ ಹೋರಾಡಿ ಮಡಿದ. ಗಾದೆ ಇದನ್ನು ಹೇಳುವುದಿಲ್ಲ. ಕಥೆ ಬಲ್ಲವರು ಮಾತ್ರ ‘ಹೌದು, ನಾನು ಉತ್ತರನೇ, ಮುಂದೇನಾಯಿತು ಕೇಳಿ’ ಎಂದು ಎದುರುತ್ತರ ಕೊಡಬಲ್ಲರು. ಹಾಗಾದರೆ ಕಥೆ ಕೇಳದೆ ಬೆಳೆದವರನ್ನು ಉಲ್ಲೇಖ ಹೊರಗಿಡುತ್ತದೆಯಲ್ಲ? ಈ ಆಕ್ಷೇಪ ಗಂಭೀರವಾದದ್ದೇ. ಅದಕ್ಕೆ ಪರಿಹಾರ ಉಲ್ಲೇಖವನ್ನು ಬಿಡುವುದಲ್ಲ, ಕಥೆಯನ್ನು ಹಂಚುವುದು. ಉದಾಹರಣೆಗೆ, 1604ರ ವೇಣೂರಿನ ಗೊಮ್ಮಟನ, ಅಂದರೆ ಬಾಹುಬಲಿಯ, ಮೂರ್ತಿಯೆದುರು ನಿಂತವರಿಗೆ, ಗೆದ್ದ ಮೇಲೂ ರಾಜ್ಯ ಬಿಟ್ಟ ಅವನ ಕಥೆ ಹೇಳಲು ಜೈನರೇ ಆಗಬೇಕಿಲ್ಲ, ಕೇಳಲೂ ಆಗಬೇಕಿಲ್ಲ. ಮುಂದಿನ ಸಲ ಯಾರನ್ನಾದರೂ ಉತ್ತರ ಎನ್ನುವಾಗ ಪಕ್ಕದಲ್ಲಿರುವ ಮಗುವಿಗೆ ಶಲ್ಯನ ಪ್ರಸಂಗವನ್ನೂ ಹೇಳಿ.